ಕೊನೆಯವನ ಹಿಂದೆ

೨೨ ಮೇ ೧೯೩೮, ಚನ್ನಗಿರಿ

ಇಂದು ವಾಚನಾಲಯದಲ್ಲಿ ನಡೆದ ಸಂತಾಪ ಸಭೆಯಲ್ಲಿ ನಾನು ಆಡಿದ ಮಾತುಗಳನ್ನು ಮರೆಯುವ ಮುನ್ನ ಇಲ್ಲಿ ದಾಖಲಿಸುತ್ತೇನೆ. ಕಾಲೇಜಿನ ಚರ್ಚಾಕೂಟದ ದಿನಗಳಿಂದಲೂ ಇದು ನನ್ನ ರೂಢಿ.

"ಸಭಿಕರೇ, ಈ ಬಿಸಿಲಿನಲ್ಲಿ ಅಂಗಡಿ, ಕಚೇರಿಗಳನ್ನು ಬಿಟ್ಟು ಬಂದಿರುವ ನಿಮ್ಮೆಲ್ಲರಿಗೂ ನಾನು ಕೃತಜ್ಞನಾಗಿದ್ದೇನೆ. ನೀವು ಬಂದದ್ದಕ್ಕೆ ಕೃತಜ್ಞತೆ ಸಲ್ಲುತ್ತದೆ. ನೀವು ತಂದಿರುವ ಅನುಕಂಪವನ್ನು ಮಾತ್ರ ದಯವಿಟ್ಟು ಹಿಂದಕ್ಕೆ ಒಯ್ಯಿರಿ. ಅದನ್ನು ಸ್ವೀಕರಿಸಿದರೆ ನಡೆದದ್ದೆಲ್ಲ ವಿಧಿಯೆಂದು ಒಪ್ಪಿಕೊಂಡಂತಾಗುತ್ತದೆ. ನಾನು ಒಪ್ಪುವುದಿಲ್ಲ. ನನ್ನ ಮಗ ಗೌಸ್‌ಪೀರ್ ಜ್ವರದಿಂದ ಸಾಯಲಿಲ್ಲ, ಹಾವು ಕಡಿದು ಸಾಯಲಿಲ್ಲ. ಸಂಬಳ ಪಡೆದು ಸೈಕಲ್ ಓಡಿಸುವವರ ಪಂದ್ಯದ ಹಿಂದೆ, ಯಾರೂ ಕರೆಯದೆ, ಜಗಳೂರಿನವರೆಗೆ ಸೈಕಲ್ ತುಳಿದು, ಬಿಸಿಲು ಬಡಿದು ಸತ್ತನು. ಮನುಷ್ಯರು ಮಾಡಿದ ಅವಿವೇಕವನ್ನು ಮನುಷ್ಯರೇ ತಡೆಯಬಹುದು. ನಾನು ತಡೆಯುತ್ತೇನೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ, ತಟ್ಟತಕ್ಕದ್ದೂ ಅಲ್ಲ. ಅಕ್ಕಿ ಗಿರಣಿಯ ಗುಮಾಸ್ತ ಓಬಣ್ಣ, ಮೃತನ ಗೆಳೆಯ, ಎದ್ದು ನಿಂತು ಅಳತೊಡಗಿದನು. ಕುಳಿತುಕೊಳ್ಳಲು ಹೇಳಿದೆ.

ಬಾಗಿಲ ಬಳಿ ಒಬ್ಬರು, "ನಿಮ್ಮ ಹುಡುಗ ಎಲ್ಲರಿಗಿಂತ ಮುಂದಿದ್ದ ವಕೀಲರೇ" ಎಂದರು. ಅವರ ಬೆನ್ನಿಗೇ ಬಂದ ಇನ್ನೊಬ್ಬರು, "ಪಾಪ, ಎಲ್ರಿಗಿಂತ ಹಿಂದೆ ಉಳಿದಿದ್ನಂತೆ" ಎಂದರು. ಎರಡೂ ಏಕಕಾಲಕ್ಕೆ ನಿಜವಾಗಲಾರವು.

೩ ಜೂನ್ ೧೯೩೮

ತಾಲ್ಲೂಕಿನ ಅಮಲ್ದಾರರಿಗೆ ಅರ್ಜಿ ಸಲ್ಲಿಸಿದೆ. ವಿಷಯ ಸರಳ. ಒಂದು ಸೈಕಲ್ ಕಂಪನಿ ವರ್ಷಕ್ಕೊಮ್ಮೆ ಏಪ್ರಿಲಿನಲ್ಲಿ ಹಲವು ದಿನಗಳ ಪಂದ್ಯ ನಡೆಸುತ್ತದೆ. ಮೊದಲ ದಿನ ಶಿವಮೊಗ್ಗದಿಂದ ಸವಳಂಗ, ನ್ಯಾಮತಿಯ ಮೇಲೆ ಹೊನ್ನಾಳಿ. ಎರಡನೆಯ ದಿನ ಹೊಳೆ ದಾಟಿ ಚನ್ನಗಿರಿ. ಮೂರನೆಯ ದಿನ ತ್ಯಾವಣಿಗೆ, ದಾವಣಗೆರೆಯ ಮೇಲೆ ಜಗಳೂರು. ಸವಾರರೆಲ್ಲ ಕಂಪನಿಯ ನೌಕರರು. ಅವರ ಹಿಂದೆ ಆಯಾ ಊರಿನ ಹುಡುಗರು ತಮ್ಮ ಹಳೆಯ ಸೈಕಲ್ಲುಗಳಲ್ಲಿ ಬೆನ್ನಟ್ಟುತ್ತಾರೆ. ಬರುವ ಏಪ್ರಿಲಿನೊಳಗೆ ಈ ಬೆನ್ನಟ್ಟುವಿಕೆಯನ್ನು ತಾಲ್ಲೂಕಿನಲ್ಲಿ ನಿಷೇಧಿಸಬೇಕೆಂಬುದು ನನ್ನ ಪ್ರಾರ್ಥನೆ. ಕಂಪನಿಯೂ ಇದನ್ನೇ ಬಯಸುತ್ತದಂತೆ. ಹಳ್ಳಿಯ ಸೈಕಲ್ಲುಗಳು ಅವರ ಮೋಟಾರಿಗೆ ಅಡ್ಡ ಬರುತ್ತವೆ.

ಸಂಜೆ ಓಬಣ್ಣ ಬಂದನು. ಸುದ್ದಿ ತಲುಪಿತ್ತು. ನಿಂತೇ ಮಾತನಾಡಿದನು.

"ಸಾಹೇಬ್ರೆ, ಆ ಅರ್ಜಿ ಹಾಕಬ್ಯಾಡ್ರಿ."

"ಹಾಕಿಯಾಯಿತು. ಗೆಲ್ಲಲಾಗದ ಪಂದ್ಯದಲ್ಲಿ ಏಕೆ ಓಡುತ್ತೀರಿ?"

"ಗೆಲ್ಲಾಕೆ ಯಾರು ಹೋಗ್ತಾರ್ರೀ? ಅವರ ಸೈಕಲ್ಲು ಉಫ್ ಅಂದ್ರೆ ಹಾರೋ ಹಂಗೈತೆ. ನಮ್ದು ಅಕ್ಕಿ ಮೂಟೆ ಹೊರೋದು. ನಾವು ಕಳಿಸಿಕೊಡಾಕೆ ಹೋಗ್ತೀವಿ."

"ಯಾರನ್ನು?"

"ಕೊನೇಲಿ ಬರೋರ್ನ. ಊರಿಗೆ ಬಂದೋರು ಒಬ್ರೇ ಗಡಿ ದಾಟಬಾರ್ದಲ್ರಿ."

ನಾನು ಅವನಿಗೆ ಮೂರು ಪ್ರಶ್ನೆ ಹಾಕಿದೆ. ಆ ಸವಾರರು ನಿಮ್ಮ ಊರಿಗೆ ಬಂದರೋ, ನಿಮ್ಮ ಊರನ್ನು ಹಾದುಹೋದರೋ? ಅವರನ್ನು ನೀವು ಕರೆದಿರೋ? ಅವರು ನಿಮ್ಮನ್ನು ಕರೆದರೋ? "ನೀವು ಹಿಂಗೆ ಕೇಳಿದ್ರೆ ನಾನು ಹೆಂಗೆ ಹೇಳ್ಲಿ" ಎಂದನು. ವಾದದಲ್ಲಿ ಅವನು ಸಂಪೂರ್ಣವಾಗಿ ಸೋತನು. ಆದರೆ ಅವನು ಹೋದ ಮೇಲೆ, ಗೆದ್ದ ಅನುಭವವಾಗಲಿಲ್ಲ. ನಾನು ಬೆಳೆಸಿದ ಮಗ ಕೊನೆಯವನ ಹಿಂದಿನವನಾಗಿರಲು ತಾನಾಗಿ ಒಪ್ಪಿದನೆಂಬುದನ್ನು ನಂಬುವುದು ಹೇಗೆ?

೧೯ ಆಗಸ್ಟ್ ೧೯೩೮, ಹೊನ್ನಾಳಿ

ಮುನ್ಸೀಫ್ ಕೋರ್ಟಿನ ಕೆಲಸ ಬೇಗನೆ ಮುಗಿಯಿತು. ಕಕ್ಷಿದಾರರಲ್ಲೊಬ್ಬನಾದ ನ್ಯಾಮತಿಯ ಮಾರಪ್ಪ, ಮೆಣಸಿನಕಾಯಿ ವ್ಯಾಪಾರಿ, ದಪ್ಪನೆಯ ಮನುಷ್ಯ, ತಾನೂ ಪಂದ್ಯದ ಹಿಂದೆ ಹೋಗುವವನೆಂದು ತಿಳಿದು ವಿಚಾರಿಸಿದೆ. ನನ್ನ ಮಗನ ವಿಷಯ ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ, ಸಾಕ್ಷಿಯ ಮಾತು ಶುದ್ಧವಾಗಿರಲಿ ಎಂದು.

"ಮುಂದಿರೋನ ಜತೆ ಹೋಗಾಕೆ ನನ್ನ ಹೊಟ್ಟೆ ಬಿಡಬೇಕಲ್ರೀ" ಎಂದು ಅವನು ನಕ್ಕನು. "ಅವನು ಎಬ್ಬಿಸಿದ ಧೂಳೂ ಸಿಗಲ್ಲ. ಕೊನೆಯೋನು ನೋಡ್ರಿ, ನಮ್ಮಂಗೇ ಮನುಷ್ಯ. ಏದುಸಿರು ಬಿಡ್ತಾನೆ, ಚೈನು ಬಿದ್ರೆ ಬೈತಾನೆ. ಅವನ ಹಿಂದೆ ಒಂದಿಷ್ಟು ದೂರ ಬಿಟ್ಟು ಹೋಗ್ತೀವಿ. ಮುಟ್ಟಂಗಿಲ್ಲ, ದಾಟಂಗಿಲ್ಲ, ಮಾತಾಡ್ಸಂಗಿಲ್ಲ. ಗಡೀಲಿ ಹೊನ್ನಾಳಿಯೋರು ನಿಂತಿರ್ತಾರೆ. 'ಬಿಡ್ರಿ, ಇನ್ನ ನಮ್ಮೋರು' ಅಂತಾರೆ. ಆವಾಗ ನಾವು ವಾಪಸ್ಸು."

"ಅವರು ಹಾಗೆ ಅನ್ನದಿದ್ದರೆ?"

"ಅಂತಾರೆ ಬಿಡ್ರಿ. ಅನ್ನದೆ ಏನು?"

"ಅನ್ನುವವರೇ ಇಲ್ಲದಿದ್ದರೆ?"

ಅವನು ಯೋಚಿಸಿದನು. "ಅನ್ನೋ ತನಕ ನಾವು ಬಿಡಂಗಿಲ್ಲ" ಎಂದನು. ಬಳಿಕ ತೊಡೆ ತಟ್ಟಿಕೊಂಡು, "ಒಂದು ವರ್ಷ ಏನಾತು ಗೊತ್ತಾ ಸ್ವಾಮಿ? ಕೊನೆಯೋನು ಅಂತ ತಿಳ್ಕಂಡು ಸೈಕಲ್ ಮೇಲೆ ಟಪಾಲು ಹಂಚೋ ಓಬಳಪ್ಪನ್ನ ಸವಳಂಗದಿಂದ ಕಳಿಸಿಕೊಟ್ಟುಬಿಟ್ವಿ! ಹಿಂದೆ ಹದಿನೈದು ಜನ. ಆ ಪುಣ್ಯಾತ್ಮ ನ್ಯಾಮತೀಲಿ ಟಪಾಲು ಕೊಡಬೇಕಾಗಿತ್ತು, ಕೊಡಲಿಲ್ಲ, ಹೊನ್ನಾಳಿ ಗಡಿ ತನಕ ಹೋದ. ಯಾಕಯ್ಯಾ ಅಂದ್ರೆ, 'ಇಷ್ಟು ಜನ ನನ್ನ ಹಿಂದೆ ಬರ್ತಿದ್ರಿ, ಹೆಂಗೆ ಇಳೀಲಿ' ಅಂದ!"

ಕೋರ್ಟಿನ ಜಗಲಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆನೆಂದು ನೆನಪು. ಇದು ಗಂಭೀರ ವಿಚಾರಣೆಗೆ ತಕ್ಕುದಲ್ಲ.

೨೦ ಆಗಸ್ಟ್

ಓಬಣ್ಣನ ಹೇಳಿಕೆಯೂ ಮಾರಪ್ಪನ ಹೇಳಿಕೆಯೂ ತಾಳೆಯಾಗುತ್ತವೆ. ಪದ್ಧತಿಯೆಂಬುದೊಂದು ಇದೆ. ಇದ್ದರೇನಾಯಿತು? ಇರುವುದೆಲ್ಲ ಸರಿಯಲ್ಲ.

೨ ಅಕ್ಟೋಬರ್

ನನ್ನ ಹೆಂಡತಿ ಸೈದಾಬೀ ಕೇಳಿದಳು, "ನಮ್ಮ ಪೀರೂನ ಸೈಕಲ್ಲು ಓಬಣ್ಣ ಕೇಳ್ತಾವ್ನೆ, ಕೊಡ್ಲಾ?" ಬೇಡವೆಂದೆ. ಅವಳು ಮರುಮಾತಾಡಲಿಲ್ಲ. ಅವಳು ಮರುಮಾತಾಡದಿದ್ದರೆ ನಾನು ಮುಂದೆ ಹೇಳಬೇಕಾದುದು ನನಗೆ ತೋಚುವುದಿಲ್ಲ.

೧೧ ಡಿಸೆಂಬರ್ ೧೯೩೮, ಜಗಳೂರು

ಅರ್ಜಿಗೆ ಪೂರಕವಾಗಿ ಮರಣದ ಸನ್ನಿವೇಶವನ್ನು ಸಾಕ್ಷಿಗಳಿಂದ ಸಂಗ್ರಹಿಸಲು ಬಂದಿದ್ದೇನೆ. ಏಪ್ರಿಲಿನಲ್ಲಿ ಬಂದಾಗ ಮೃತನನ್ನು ಮನೆಗೆ ಒಯ್ಯುವ ಕೆಲಸವಿತ್ತು, ಯಾರನ್ನೂ ಕೇಳಿರಲಿಲ್ಲ.

ಊರ ಅಂಚಿನಲ್ಲಿ ಕಡಲೆಕಾಯಿ ವ್ಯಾಪಾರಿ ತಿಪ್ಪೇಶಪ್ಪನವರ ಮನೆ. ಅವರ ಜಗಲಿಯ ಮೇಲೆಯೇ ಗೌಸ್‌ಪೀರ್ ಪ್ರಾಣ ಬಿಟ್ಟದ್ದು. ತಿಪ್ಪೇಶಪ್ಪನವರು ನಿಧಾನವಾಗಿ ಮಾತನಾಡುವವರು; ಅವರ ಹೆಂಡತಿ ಬಂಗಾರಮ್ಮ ಅಷ್ಟು ಹೊತ್ತು ಕಾಯುವವರಲ್ಲ.

"ಪಂದ್ಯ ಮುಗ್ದು ಜನ ಎಲ್ಲ ಮನೆಗೆ ಹೋಗಿದ್ರು" ಎಂದು ತಿಪ್ಪೇಶಪ್ಪನವರು ಆರಂಭಿಸಿದರು. "ಕಂಪನಿ ಮೋಟಾರಿನೋರು, ಇನ್ನ ಯಾರೂ ಇಲ್ಲ, ಹಿಂದುಳಿದೋರ್ನ ಲೆಕ್ಕದಿಂದ ತೆಗೆದೀವಿ ಅಂದಿದ್ರು. ಹಂಗಾಗಿ ತ್ಯಾವಣಿಗೆಯೋರೂ ಕಾಯಲಿಲ್ಲ, ದಾವಣಗೆರೆಯೋರೂ ಕಾಯಲಿಲ್ಲ, ನಮ್ಮೋರೂ ಕಾಯಲಿಲ್ಲ. ಇಳಿಹೊತ್ತಿನಾಗೆ ಇಬ್ರು ಬಂದ್ರು. ಮುಂದೆ ಆ ಮದ್ರಾಸಿನ ಸವಾರ, ಹಿಂದೆ ನಿಮ್ಮ ಹುಡುಗ. ಇಬ್ರ ಮಧ್ಯೆ ಎರಡು ಮಾರು ದೂರ. ಬಿದ್ದು ಹೋಗೋ ಹಂಗಿದ್ರು, ಆ ದೂರ ಮಾತ್ರ ಬಿಟ್ಟಿರ್ಲಿಲ್ಲ."

"ನೀರಿನ ವಿಷ್ಯ ಹೇಳ್ರಿ" ಎಂದರು ಬಂಗಾರಮ್ಮ, ಹೇಳಲು ಬಿಡದೆ ತಾವೇ ಹೇಳಿದರು. "ಚೊಂಬು ತಂದು ಕೊಟ್ರೆ ಆ ಸವಾರ ನಿಮ್ಮ ಮಗನ ಕಡೆ ಕೈ ತೋರಿಸ್ತಾನೆ. ನಿಮ್ಮ ಮಗ ಅವನ ಕಡೆ ತೋರಿಸ್ತಾನೆ. 'ಅವರು ನಮ್ಮೂರಿಗೆ ಬಂದೋರು, ಮೊದ್ಲು ಅವರಿಗೆ ಕೊಡ್ರಮ್ಮ' ಅಂತ. ನಾಲಿಗೆ ಒಣಗಿ ಮಾತು ಸರಿಯಾಗಿ ಹೊರಡ್ತಿಲ್ಲ, ಉಪಚಾರ ನೋಡ್ರಿ! ನಂಗೆ ಸಿಟ್ಟು ಬಂತು. 'ಇದೇನು ಬೀಗರ ಮನೆ ಅನ್ಕಂಡೀರಾ? ಕುಂದರ್ರಿ ಇಬ್ರೂ!' ಅಂತ ಬೈದೆ. ಬೈದ ಮ್ಯಾಲೆ ಕುಂತ್ರು. ಕುಡಿದ್ರು."

ತಿಪ್ಪೇಶಪ್ಪನವರು ಮುಂದುವರಿಸಿ, "ಕುಂತ ಮ್ಯಾಲೆ ನನ್ನ ಕೇಳ್ದ, 'ನೀವು ಜಗಳೂರಿನೋರಾ?' ಅಂತ. ಹೌದಪ್ಪ ಅಂದೆ. 'ಹಂಗಾದ್ರೆ ಇವರನ್ನ ನಿಮಗೆ ಒಪ್ಪಿಸೀನಿ' ಅಂದ. ಏನು ಅರ್ಥವೋ ತಿಳೀಲಿಲ್ಲ. ಆಗ್ಲಿ ಅಂದೆ. ಆಮ್ಯಾಲೆ ಮೈ ಕೆಂಡ ಆತು. ಡಾಕ್ಟ್ರು ಬಂದ್ರು. ಬೆಳಗಾಗೋ ತನಕ ಇರ್ಲಿಲ್ಲ. ಆ ಸವಾರ ಉಳಿದ" ಎಂದರು.

ಹೊರಡುವಾಗ ಬಂಗಾರಮ್ಮ ಬಾಗಿಲಿಗೆ ಬಂದು, "ನಾನು ಅವ್ನಿಗೆ ಬೈದಿದ್ದು ತಪ್ಪಾತಾ ಸಾಹೇಬ್ರೆ? ಅವತ್ತಿಂದ ಅದೇ ಕೊರಗು ನಂಗೆ" ಎಂದರು.

"ತಪ್ಪಾದದ್ದು ಬೈದದ್ದಲ್ಲ ತಾಯಿ. ಬೈಯುವುದು ತಡವಾಯಿತು" ಎಂದೆ.

ಏಕೆ ಹಾಗೆಂದೆನೋ ತಿಳಿಯದು. ಇಲ್ಲಿಗೆ ಬರುವ ಮುನ್ನ ನನ್ನ ಮನಸ್ಸಿನಲ್ಲಿ ಆ ವಾಕ್ಯವಿರಲಿಲ್ಲ.

೧೨ ಡಿಸೆಂಬರ್

ಪ್ರಮಾಣಪತ್ರಕ್ಕೆ ಬೇಕಾದ ಅಂಶಗಳನ್ನು ಕ್ರಮವಾಗಿ ಬರೆಯಲು ಕುಳಿತೆ. ಮೊದಲನೆಯದಾಗಿ, ಮೃತನು ಪಂದ್ಯದಲ್ಲಿರಲಿಲ್ಲ. ಎರಡನೆಯದಾಗಿ, ಅವನು ಹಿಂಬಾಲಿಸಿದ ಸವಾರನೂ ಆ ಹೊತ್ತಿಗೆ ಪಂದ್ಯದಲ್ಲಿರಲಿಲ್ಲ. ಆದ್ದರಿಂದ, ಮೂರನೆಯದಾಗಿ,

ಮೂರನೆಯದು ಬರಲಿಲ್ಲ. ಪಂದ್ಯವೇ ಇಲ್ಲದ ದಾರಿಯಲ್ಲಿ ಇಬ್ಬರು ಓಡಿದರೆ ಅದನ್ನು ಏನೆಂದು ಕರೆಯುವುದು?

೮ ಮಾರ್ಚ್ ೧೯೩೯

ದಾವಣಗೆರೆಯಿಂದ ಈಗಷ್ಟೇ ಮರಳಿದೆ. ಆ ಸವಾರ ಈಗ ಅಲ್ಲಿಯ ಕಂಪನಿ ಅಂಗಡಿಯಲ್ಲಿ ಚಕ್ರಗಳನ್ನು ನೇರ ಮಾಡುವ ಕೆಲಸದಲ್ಲಿದ್ದಾನೆ. ಹೆಸರು ಲಾಜರಸ್. ಬೆಂಗಳೂರಿನಲ್ಲಿ ಕೆಲವು ವರ್ಷ ಇದ್ದುದರಿಂದ ಕನ್ನಡ ಬಲ್ಲನು. ಅವನನ್ನು ಅಪರಾಧಿಯಂತೆ ವಿಚಾರಿಸಬೇಕೆಂದು ಪ್ರಶ್ನೆಗಳನ್ನು ಸಿದ್ಧಪಡಿಸಿಕೊಂಡೇ ಹೋಗಿದ್ದೆ. ನಾನು ಯಾರೆಂದು ಹೇಳಿದೊಡನೆ ಅವನು ಕೈಯಲ್ಲಿದ್ದ ಚಕ್ರವನ್ನು ಗೋಡೆಗೆ ಒರಗಿಸಿ, ಕುಳಿತುಕೊಳ್ಳಲು ನನಗೆ ಸ್ಟೂಲು ಕೊಟ್ಟು, ತಾನು ನಿಂತನು.

"ಹಿಂದಿರುಗಲು ಅವನಿಗೆ ಹೇಳಿದೆಯಾ?"

"ಹೇಳಿದೆ ಸಾರ್. ತ್ಯಾವಣಿಗೆಯಲ್ಲಿ ಹೇಳಿದೆ. ತಂಬಿ, ನೀನು ಮನೆಗೆ ಹೋಗು ಅಂದೆ. ನಕ್ಕ. ಅವನ ಜೊತೆಯವರು ಹೋದರು. ಒಬ್ಬ ಹುಡುಗ ನಾನೂ ಬರ್ತೀನಿ ಅಂದ. ಇವನೇ ಬೇಡ, ನಿಂಗೆ ಗಿರಣಿ ಕೆಲಸ ಐತೆ ಅಂತ ಕಳಿಸಿಬಿಟ್ಟ."

ಅದು ಓಬಣ್ಣ. ಇದನ್ನು ಅವನು ನನಗೆ ಹೇಳಿರಲಿಲ್ಲ.

"ನಿನ್ನನ್ನು ಪಂದ್ಯದಿಂದ ತೆಗೆದಿದ್ದಾರೆಂದು ನಿನಗೆ ಗೊತ್ತಿತ್ತೆ?"

"ಗೊತ್ತಿತ್ತು ಸಾರ್. ತ್ಯಾವಣಿಗೆಯಲ್ಲೇ ಮೋಟಾರಿನವರು ಹೇಳಿಹೋದರು. ದಾವಣಗೆರೆಯಲ್ಲಿ ರೈಲು ಹತ್ತೋಣ ಅಂತ ಮನಸ್ಸು ಮಾಡಿದ್ದೆ. ಸ್ಟೇಷನ್ ಮುಂದೇನೇ ಬಂದೆವು. ಇಳಿಯೋದಕ್ಕೆ ಕಾಲು ತೆಗೆದೆ. ಹಿಂದಕ್ಕೆ ನೋಡಿದೆ. ಬರ್ತಾ ಇದ್ದ." ಅವನು ಕೈ ಒರೆಸಿಕೊಂಡನು. "ನನ್ನ ಜನ್ಮದಲ್ಲಿ ಯಾರೂ ನನ್ನ ಹಿಂದೆ ಇಷ್ಟು ದೂರ ಬಂದಿಲ್ಲ ಸಾರ್. ಎಲ್ಲರೂ ಮುಂದಿನವರನ್ನು ನೋಡೋದಕ್ಕೆ ಬರೋರು. ನಾನು ಇಳಿದರೆ ಅವನಿಗೆ ಅವಮಾನ ಆಗಲ್ವಾ? ಅದಕ್ಕೆ ಇಳಿಯಲಿಲ್ಲ."

ನಾನು ಸಿದ್ಧಪಡಿಸಿದ್ದ ಮುಂದಿನ ಪ್ರಶ್ನೆ ಬೇರೆಯಿತ್ತು. ನನ್ನ ಬಾಯಿಂದ ಬಂದದ್ದು ಇದು:

"ನೀನು ಇಳಿದಿದ್ದರೆ ಅವನೂ ಇಳಿಯುತ್ತಿದ್ದನಯ್ಯಾ. ನೀನು ಹೋಗುತ್ತಿದ್ದೀಯೆಂದು ಅವನು ಬಂದನು."

ಲಾಜರಸ್ ನನ್ನ ಮುಖವನ್ನೇ ನೋಡಿದನು. "ಹೌದಾ ಸಾರ್?" ಎಂದನು. "ಅವನಿಗೆ ಜಗಳೂರಿಗೆ ಹೋಗೋದು ಬೇಕಾಗಿರಲಿಲ್ವಾ?"

"ಇಲ್ಲ."

"ನನಗೂ ಬೇಕಾಗಿರಲಿಲ್ಲ ಸಾರ್."

ಅಂಗಡಿಯೊಳಗೆ ಯಾರೋ ಟ್ಯೂಬಿಗೆ ಗಾಳಿ ಹಾಕುತ್ತಿದ್ದರು. ಆ ಸದ್ದು ನಿಂತ ಬಳಿಕ, ಈ ಸಲ ಓಡುತ್ತೀಯಾ ಎಂದು ಕೇಳಿದೆ. "ಓಡ್ತೀನಿ ಸಾರ್, ಓಡದಿದ್ದರೆ ಕೆಲಸದಲ್ಲಿ ಇಟ್ಟುಕೊಳ್ಳಲ್ಲ. ಕಾಲು ಮೊದಲಿನ ಹಾಗಿಲ್ಲ. ಕೊನೆಯವನು ನಾನೇ" ಎಂದನು.

ಅವನ ಮೇಲೆ ಕೋಪಗೊಳ್ಳಲು ಬಸ್ಸಿನಲ್ಲಿ ದಾರಿಯುದ್ದಕ್ಕೂ ಪ್ರಯತ್ನಿಸಿದೆ.

೯ ಮಾರ್ಚ್

ಹಿಂದಿನವನನ್ನು ಎಳೆದವನು ಮುಂದಿನವನು. ಮುಂದಿನವನನ್ನು ತಳ್ಳಿದವನು ಹಿಂದಿನವನು. ಹಾಗಾದರೆ ಹಿಂಬಾಲಿಸಿದವರು ಯಾರು? ಹೊಣೆಯನ್ನು ಯಾರ ತಲೆಗೆ ಕಟ್ಟಲಿ? ಕಾಲೇಜಿನಲ್ಲಿ ಯಾವ ಪಕ್ಷ ಕೊಟ್ಟರೂ ವಾದಿಸುತ್ತಿದ್ದೆ. ಇಲ್ಲಿ ಪಕ್ಷವೇ ಸಿಗುತ್ತಿಲ್ಲ.

೧೦ ಮಾರ್ಚ್

ಏನೂ ಬರೆಯುವುದಿಲ್ಲ.

೨೯ ಮಾರ್ಚ್ ೧೯೩೯

ಓಬಣ್ಣನನ್ನು ಕರೆಸಿದೆ. ಆಮಂತ್ರಣವೆಂದು ತಿಳಿದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದನು.

"ನಿಷೇಧವಾಗದಿದ್ದರೆ ಈ ಸಲ ಹೋಗುತ್ತೀಯಾ?"

"ಹೋಗ್ತೀನ್ರಿ."

"ತ್ಯಾವಣಿಗೆಯಲ್ಲಿ ವಹಿಸಿಕೊಳ್ಳುವವರು ಇಲ್ಲದಿದ್ದರೆ?"

ಅವನು ತಲೆ ತಗ್ಗಿಸಿದನು. "ಹೋದ ಸಲ ಪೀರು ಹೇಳ್ದ ಅಂತ ವಾಪಸ್ ಬಂದೆ. ಈ ಸಲ ಬರಲ್ರಿ. ಜಗಳೂರಾದ್ರೆ ಜಗಳೂರು, ಬಳ್ಳಾರಿ ಆದ್ರೆ ಬಳ್ಳಾರಿ."

ಅದೇ ದಾರಿ, ಅದೇ ಬಿಸಿಲು, ಅದೇ ಲಾಜರಸ್. ನನ್ನ ಮುಂದೆ ಕುಳಿತ ಈ ಹುಡುಗನಿಗೂ ಒಬ್ಬಳು ತಾಯಿ ಇದ್ದಾಳೆ. ಕರಿಬಸಮ್ಮ, ಸಂತೆಯಲ್ಲಿ ಸೊಪ್ಪು ಮಾರುವವಳು. ನಿಷೇಧವಾದರೆ ಇವನು ಉಳಿಯುತ್ತಾನೆ. ಅರ್ಜಿ ಹಾಕಿದ್ದು ಸರಿಯೇ. ಸೈದಾಬೀ ಅವನಿಗೆ ಚಹಾ ಕೊಟ್ಟಳು. ಪೀರುವಿನ ಲೋಟದಲ್ಲಿ ಕೊಟ್ಟಳು.

೬ ಏಪ್ರಿಲ್ ೧೯೩೯

ಅಮಲ್ದಾರರ ಮುಂದೆ ವಿಚಾರಣೆ. ಕಂಪನಿಯ ಏಜೆಂಟರು ಹಾಜರಿದ್ದರು. ಹುಡುಗರು ಕಿಟಕಿಯ ಹೊರಗೆ ಗುಂಪುಗೂಡಿದ್ದರು. ನಾನು ನಿಷೇಧದ ಪರವಾಗಿ ಮಾತನಾಡಿದೆ. ಚೆನ್ನಾಗಿಯೇ ಮಾತನಾಡಿದೆನೆಂದು ಭಾವಿಸುತ್ತೇನೆ. ಎದುರು ಪಕ್ಷಕ್ಕೆ ವಕೀಲರಿಲ್ಲ.

ಆಗ ಏಜೆಂಟರು ಎದ್ದು, ಹಿಂಬಾಲಕರೆಂಬವರು ಬರಿಯ ಉಪದ್ರವ, ಮೃತ ಯುವಕನು ನಮ್ಮ ಸವಾರನಿಗೂ ತೊಂದರೆಯಾದನು ಎಂದರು. ನಾನು ಮತ್ತೆ ಎದ್ದು ನಿಂತಿದ್ದೆ. ಏಳಬೇಕಾದ ಅಗತ್ಯವಿರಲಿಲ್ಲ, ಅವರು ನನ್ನ ಪಕ್ಷದವರು. "ನೀವು ಲೆಕ್ಕದಿಂದ ತೆಗೆದುಹಾಕಿ ದಾರಿಯಲ್ಲಿ ಬಿಟ್ಟುಹೋದ ಮನುಷ್ಯನನ್ನು ಈ ಊರು ಲೆಕ್ಕಕ್ಕೆ ಹಿಡಿಯಿತು. ಇದನ್ನು ಉಪದ್ರವವೆಂದು ಕರೆಯುವ ಹಕ್ಕು ನಿಮಗೆ ಎಲ್ಲಿಂದ ಬಂತು?" ಎಂದೆ. ಇನ್ನೂ ಬಹಳ ಹೇಳಿದೆ. ಕಿಟಕಿಯ ಹೊರಗೆ ಯಾರೋ ಸಿಳ್ಳೆ ಹಾಕಿದರು.

ಅಮಲ್ದಾರರು ಕನ್ನಡಕ ತೆಗೆದರು. "ವಕೀಲರೇ, ತಾವು ಯಾರ ಪರ?"

ಉತ್ತರಕ್ಕೆ ಕಾಲಾವಕಾಶ ಕೇಳಿದೆ. ಕೊಟ್ಟರು, ನಾಳೆಯವರೆಗೆ. ನಾನು ಒತ್ತಾಯಿಸಿದರೆ ನಿಷೇಧದ ಆಜ್ಞೆ ಹೊರಡುತ್ತದೆ, ಇಲ್ಲವಾದರೆ ಇಲ್ಲ.

ಮನೆಗೆ ಬಂದೊಡನೆ ಸೈದಾಬೀ, "ಎರಡೂ ಕಡೆ ನೀವೇ ಮಾತಾಡಿದ್ರಂತೆ. ಬೀದಿಯೆಲ್ಲ ಅದೇ ಮಾತು. ಗೆದ್ದೋರ್ಯಾರು?" ಎಂದಳು. ಪೀರು ಹೋದ ಮೇಲೆ ಅವಳು ನನ್ನನ್ನು ಹಾಸ್ಯ ಮಾಡಿದ್ದು ಇದೇ ಮೊದಲು. ಗೊತ್ತಿಲ್ಲವೆಂದೆ. ಅದು ನಿಜ.

೭ ಏಪ್ರಿಲ್ ೧೯೩೯

ಬೆಳಿಗ್ಗೆ ಎದ್ದು, ಕಚೇರಿಯ ಬಾಗಿಲು ತೆರೆಯುವ ಮುನ್ನವೇ ಬರೆಯುತ್ತಿದ್ದೇನೆ.

ಕೊನೆಯವನು ಒಬ್ಬನೇ ಹೋಗಬಾರದೆಂಬುದು ಸರಿಯೋ ತಪ್ಪೋ ನನಗೆ ಇನ್ನೂ ತಿಳಿಯದು. ಕರೆಯದೆ ಬಂದವನನ್ನು ಅತಿಥಿಯೆನ್ನುವುದು ಇಂದಿಗೂ ತರ್ಕಕ್ಕೆ ನಿಲ್ಲದು. ಆದರೂ ನಿಷೇಧವನ್ನು ಕೇಳಲಾರೆ. ಆಜ್ಞೆ ಹೊರಟರೆ ಲಾಜರಸ್ ಎಂಬವನು ಮಧ್ಯಾಹ್ನದ ಬಿಸಿಲಿನಲ್ಲಿ, ಹಿಂದಿರುಗಿ ನೋಡಿದರೆ ಯಾರೂ ಇಲ್ಲದ ದಾರಿಯಲ್ಲಿ ಹೋಗಬೇಕಾಗುತ್ತದೆ. ಅದನ್ನು ಏರ್ಪಡಿಸಿದವನು ನಾನಾಗುತ್ತೇನೆ. ಹಾಗೆಂದು ಅವರ ಪದ್ಧತಿಯನ್ನು ಇದ್ದಂತೆಯೇ ಬಿಡಲಾರೆ. ಬಿಟ್ಟರೆ ಓಬಣ್ಣ ಇಳಿಯುವುದಿಲ್ಲ. ಅವನು ಇಳಿಯದಿದ್ದರೆ ಲಾಜರಸ್ ಇಳಿಯುವುದಿಲ್ಲ. ಇಬ್ಬರೂ ಮರ್ಯಾದಸ್ಥರು. ಉಪದೇಶ ಮಾಡಿ ನೋಡಬಹುದು. ಅವರು ಕೈಕಟ್ಟಿ ಕೇಳಿ, ಹೌದೆಂದು ತಲೆಯಾಡಿಸಿ, ದಾರಿಗೆ ಬಿದ್ದ ಮೇಲೆ ಮತ್ತೆ ಹಾಗೆಯೇ ಮಾಡುತ್ತಾರೆ.

ನಾನು ಕಠಿಣನೆಂದು ಊರಿನವರು ಹೇಳುತ್ತಾರೆ. ನನ್ನ ಮಾತಿಗೆ ಎದುರಾಡುವುದು ಕಷ್ಟವೆಂದೂ ಹೇಳುತ್ತಾರೆ. ಇರಲಿ.

ಆಗಲೇ ಜಟಕಾದ ಸುಬಾನಸಾಬನನ್ನು ಕರೆಸಿ ಮಾತನಾಡಿದೆ. ಯಾಕೆಂದು ಹೇಳಲಿಲ್ಲ, ಪಂದ್ಯದ ಮೂರನೆಯ ದಿನ ಗಾಡಿ ನನ್ನದು, ಜಗಳೂರಿನವರೆಗೆ, ತ್ಯಾವಣಿಗೆಯಲ್ಲೂ ದಾವಣಗೆರೆಯಲ್ಲೂ ಕುದುರೆ ಬದಲಿಸುವ ಏರ್ಪಾಡು ಆಗಬೇಕು, ಎರಡು ಸೈಕಲ್ ಹಿಡಿಸುವಷ್ಟು ಜಾಗ ಹಿಂದೆ ಬೇಕು ಎಂದೆ.

"ಸೈಕಲ್ ಪಂದ್ಯದಾಗೆ ಜಟಕಾನಾ ವಕೀಲ್ ಸಾಬ್?" ಎಂದು ಅವನು ಗಡ್ಡ ನೀವಿಕೊಂಡನು. "ನನ್ನ ಕುದ್ರೆ ದಿನಾ ಕಚೇರಿಗೆ ಹೋಗಿ ಬಂದು ವಕೀಲರಂಗೆ ವಾಯ್ದೆ ತಗಳೋದು ಕಲ್ತೈತೆ. ನಾಲ್ಕು ಹೆಜ್ಜೆ ಹೋದ್ರೆ ನಿಂತ್ಕಂತೈತೆ. ಗೆಲ್ಲಾಕಾಗಲ್ಲ ನೋಡ್ರಿ."

"ಗೆಲ್ಲಬೇಕಾಗಿಲ್ಲ" ಎಂದೆ.

ಆದ್ದರಿಂದ ನನ್ನ ನಿರ್ಧಾರವನ್ನು ಇಲ್ಲಿ ಸ್ಪಷ್ಟವಾಗಿ ದಾಖಲಿಸುತ್ತೇನೆ. ಇದನ್ನು ಯಾರ ಸಲಹೆಯಿಂದಲೂ ಮಾಡಿಲ್ಲ, ಯಾರ ಒಪ್ಪಿಗೆಯನ್ನೂ ಕೇಳಿಲ್ಲ. ಸೈದಾಬೀಗೂ ಇನ್ನೂ ಹೇಳಿಲ್ಲ. ಅರ್ಜಿಯನ್ನು ಇಂದು ಹಿಂತೆಗೆದುಕೊಳ್ಳುತ್ತೇನೆ. ಪಂದ್ಯದ ದಿನ ಕೊನೆಯ ಸವಾರನ ಹಿಂದೆ ಓಬಣ್ಣ ಹೋಗಲಿ, ಓಬಣ್ಣನ ಹಿಂದೆ ನಾನು ಹೋಗುತ್ತೇನೆ. ಅವರಲ್ಲಿ ಯಾರೊಬ್ಬನ ಕಾಲು ತಡವರಿಸಿದರೂ, ಪೀರುವಿನ ತಂದೆಯಾದ ನಾನು, ಆ ಇಬ್ಬರನ್ನೂ ಹೆಸರು ಹಿಡಿದು ಗದರಿಸಿ ಕೆಳಗಿಳಿಸುತ್ತೇನೆ.